ನಾನು ಬದಲಾಯಿಸಿದ ಪಿನ್ ನಂಬರು

ಕಂಪ್ಯೂಟರಿಗೆ ಆಯುಧಪೂಜೆ ಮಾಡುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಈಳಿಗೆಮಣೆಗೆ ಕುಂಕುಮ ಹಚ್ಚಲಿ, ಸ್ಕೂಟರಿನ ಗಾಲಿಯಡಿ ನಿಂಬೆಹಣ್ಣು ಇಡಲಿ, ನನ್ನ ತಕರಾರಿಲ್ಲ. ಒರೆಸಿದರೆ, ಗುಡಿಸಿದರೆ ಹೋಗುತ್ತದೆ. ಮಾನಿಟರಿಗೆ ಇಟ್ಟ ಗಂಧ ಹಾಗಲ್ಲ. ಅದು ಒಣಗಿ, ಚಕ್ಕೆ ಎದ್ದು, ಹಿಂಭಾಗದ ಸಂದಿಗಳೊಳಗೆ ಉದುರುತ್ತದೆ. ಮೌಸಿನ ಹೊಟ್ಟೆಯೊಳಗೆ ಅಕ್ಷತೆ ಕಾಳು ಸೇರಿಕೊಂಡು ಬಾಣದ ಗುರುತು ತೆರೆಯ ಮೇಲೆ ಕುಂಟುತ್ತದೆ. ಮೇಲಿಟ್ಟ ಚೆಂಡುಹೂವು ಯಂತ್ರದ ಬಿಸಿಗೆ ಬೆಂದು, ಸಂಜೆಯ ಕಲಾಸಿಪಾಳ್ಯ ಮಾರುಕಟ್ಟೆಯ ವಾಸನೆಯನ್ನು ನಡುಮನೆಯ ತುಂಬ ಹರಡುತ್ತದೆ. ಚೆಂಡುಹೂವೋ ಸೇವಂತಿಗೆಯೋ, ಈಗ ಆಣೆ ಮಾಡಿ ಹೇಳಲಾರೆ. ಚೆಂಡುಹೂವು ಎಂದೇ ನನ್ನ ನೆನಪು ಹೇಳುತ್ತಿದೆ. ಅದರ ಮಾತಿಗೆ ನನ್ನಲ್ಲಿ ಈಗ ಅಷ್ಟು ಬೆಲೆ ಇಲ್ಲ.

ನಾವು ಆಗ ಚಾಮರಾಜಪೇಟೆಯಲ್ಲಿದ್ದೆವು: ನಾನು, ಹೆಂಡತಿ, ನನ್ನ ತಾಯಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಮನೆಗೆ ಒಂದೇ ಕಂಪ್ಯೂಟರು, ಬಿಡಿಭಾಗ ತಂದು ಜೋಡಿಸಿದ್ದು. ಅದನ್ನು ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟಿದ್ದೆವು. ಕೊಂಡದ್ದು ನನಗಾಗಿ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ಕೆಲಸ ಬೇಸರ ಬಂದು ಬಿಟ್ಟಿದ್ದೆ. ಪತ್ರಿಕೆಗಳಿಗೆ ಬರೆದುಕೊಂಡಿರುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಬರೆದದ್ದು ಕಡಿಮೆ. ನಿಜವಾಗಿ ಅದರ ಮುಂದೆ ಕೂತು ದುಡಿದವಳು ಹೆಂಡತಿ. ಶೇಷಾದ್ರಿಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಮದುವೆಮನೆಗಳಲ್ಲಿ ಬೀಗರನ್ನು ಹಂಗಿಸಿ ಹಾಡುವ ಹಾಡುಗಳ ಮೇಲೆ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದಳು. ಮುದುಕಿಯರ ಬಾಯಿಂದ ಹಾಡು ಬರೆದುಕೊಂಡು ಬಂದು, ಸಂಜೆ ಅಡುಗೆ ಮುಗಿಸಿ, ಒಂದೊಂದೇ ಸಾಲನ್ನು ಟೈಪ್ ಮಾಡುತ್ತಿದ್ದಳು. ಅವಳು ಕೇಳಿಕೊಂಡ ಮೇಲೆ ವಿಶ್ವವಿದ್ಯಾಲಯ ಒಮ್ಮೆ ಅವಧಿ ವಿಸ್ತರಿಸಿತ್ತು. ಹಬ್ಬ ಕಳೆದ ಸೋಮವಾರ ಸಂಜೆಯೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು. ಇನ್ನೊಮ್ಮೆ ಕೇಳುವಂತಿರಲಿಲ್ಲ. ಮೊದಲ ಎರಡು ಅಧ್ಯಾಯಗಳ ಅಚ್ಚು ಮಾರ್ಗದರ್ಶಕರ ಹತ್ತಿರ ಇತ್ತು. ಉಳಿದದ್ದೆಲ್ಲ ಯಂತ್ರದೊಳಗೆ. ಫ್ಲಾಪಿಗೂ ಹಾಕಿಟ್ಟಿದ್ದಳು, ಆ ಫ್ಲಾಪಿ ಈಗ ಬೇರೆ ಯಾವ ಯಂತ್ರಕ್ಕೆ ತುರುಕಿದರೂ ಕೀರ್ ಕೀರ್ ಎಂದು ಕೆರೆದುಕೊಂಡು ಸುಮ್ಮನಾಗುತ್ತಿತ್ತು.

ಯಂತ್ರಕ್ಕೆ ಬೀಗ ಹಾಕಿದ್ದವನು ನಾನು. ನೆಂಟರು ಬಂದಾಗ ಇಸ್ಪೀಟಾಟ ಆಡಲು ಕೂತವರು ಅವಳ ಫೈಲನ್ನು ಅಳಿಸಿಯಾರು ಎಂಬುದು ನಾನು ಕೊಟ್ಟ ಕಾರಣ. ಬರೀ ಅಂಕಿಗಳ ಪಾಸ್‌ವರ್ಡ್ ಇಟ್ಟೆ. ಬ್ಯಾಂಕುಗಳು ಆಗಷ್ಟೇ ಕಾರ್ಡು ಕೊಡಲು ಶುರು ಮಾಡಿದ್ದರಿಂದ ಮನೆಯಲ್ಲಿ ಎಲ್ಲರೂ ಅದನ್ನು ಪಿನ್ ನಂಬರು ಎನ್ನುತ್ತಿದ್ದರು. ಅದು ನನ್ನ ಪಿಯುಸಿ ಹಾಲ್ ಟಿಕೆಟ್ಟಿನ ಸಂಖ್ಯೆ. ಸತ್ತರೂ ಮರೆಯುವಂಥದ್ದಲ್ಲ ಎಂದು ನಂಬಿದ್ದೆ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಗುಟ್ಟು ಇಬ್ಬರಿಗೆ ತಿಳಿದರೆ ಅದು ಗುಟ್ಟಲ್ಲ ಎಂಬ ದೊಡ್ಡ ಮಾತು ಬೇರೆ ಆಡಿದ್ದೆ. ಹಾಗಾಗಿ ಅವಳು ಕೂರುವ ಮೊದಲು ನಾನು ಬಂದು, ಕೀಬೋರ್ಡಿನ ಬಲಗಡೆಗೆ ಚೌಕವಾಗಿ ಜೋಡಿಸಿರುವ ಅಂಕಿಗಳನ್ನು ತೋರುಬೆರಳಿನಿಂದ ಒಂದೊಂದಾಗಿ ನೋಡಿ ಒತ್ತಿ, ತೆರೆದುಕೊಡಬೇಕಿತ್ತು. ಮರೆತರೆ ಸುಳಿವು ಕೊಡುವ ಒಂದು ಸೌಲಭ್ಯ ಆ ಯಂತ್ರದಲ್ಲಿತ್ತು. ಸುಳಿವಿನ ಜಾಗದಲ್ಲಿ ನಾನು ಬರೆದಿದ್ದದ್ದು, 'ನಿನಗೆ ಗೊತ್ತಿದೆ'.

ವಿಜಯದಶಮಿಯ ಪೂಜೆ ಮುಗಿಯುವ ತನಕ ಯಾವ ಆಯುಧವನ್ನೂ ಮುಟ್ಟಬಾರದು ಎಂಬುದು ಅಮ್ಮನ ಕಟ್ಟಳೆ. ಅದು ಮುಗಿದ ಮರುದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಹಿಡಿದು ಬಂದು ಕೂತಳು. ನಾನು ಸಂಖ್ಯೆ ಒತ್ತಿದೆ. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದೆ. ಪಾಸ್‌ವರ್ಡ್ ಮರೆತಿರಾ ಎಂದು ಇಂಗ್ಲಿಷಿನಲ್ಲಿ, ಆಸ್ಪತ್ರೆಯ ದಾದಿಯ ವಿನಯದಲ್ಲಿ ಕೇಳಿತು. ಪ್ರಶ್ನೆಯ ಗುರುತು ಒತ್ತಿದರೆ, ನಿನಗೆ ಗೊತ್ತಿದೆ ಎಂದಿತು.

ಆ ವಾಕ್ಯವನ್ನು ಆ ದಿನಗಳಲ್ಲಿ ಎಷ್ಟು ಸಲ ಓದಿದೆನೋ. ನಾನೇ ಬರೆದದ್ದು, ನನಗೇ ಓಕರಿಕೆ ಬರಿಸುತ್ತಿತ್ತು. ಯಾವುದೋ ಸಂಜೆ ಒಬ್ಬನೇ ಕೂತು, ನಾನೆಷ್ಟು ಚುರುಕು ಎಂದು ಮೀಸೆ ತಿರುವಿಕೊಂಡವನ ಮುಖ ಅದರ ಹಿಂದೆ ಕಾಣುತ್ತಿತ್ತು.

ಮೊದಲು ನಾನು ಶಾಸ್ತ್ರೀಯವಾಗಿಯೇ ಹೊರಟೆ. ಬಲಗಡೆಯ ಅಂಕಿಗಳು ಚಾಲೂ ಇವೆ ಎಂದು ತೋರಿಸುವ ಕೀಬೋರ್ಡಿನ ದೀಪ ಉರಿಯುತ್ತಿದೆಯೇ ನೋಡಿದೆ, ಉರಿಯುತ್ತಿತ್ತು. ಯಂತ್ರ ಆರಿಸಿ ಹಚ್ಚಿದೆ. ತಂತಿ ಕಿತ್ತು ಸಿಕ್ಕಿಸಿದೆ. ಒತ್ತಿದಷ್ಟೇ ಚುಕ್ಕಿಗಳು ತೆರೆಯ ಮೇಲೆ ಬೀಳುತ್ತಿವೆಯೇ ಎಂದು ಎಣಿಸಿದೆ, ಸರಿಯಾಗಿ ಬೀಳುತ್ತಿದ್ದವು. ಅಂದರೆ ಯಂತ್ರದಲ್ಲಿ ದೋಷವಿಲ್ಲ, ಕೀಬೋರ್ಡಿನಲ್ಲಿ ದೋಷವಿಲ್ಲ. ಉಳಿದದ್ದು ನನ್ನ ತಲೆ. ಹಾಲ್ ಟಿಕೆಟ್ಟಿನ ಸಂಖ್ಯೆಯಲ್ಲಿ ಯಾವ ಅಂಕಿ ಮೊದಲು, ಯಾವುದು ಆಮೇಲೆ ಎಂದು ಯೋಚಿಸಿದಷ್ಟೂ ಅದು ಕಲಸಿಕೊಳ್ಳತೊಡಗಿತು. ಹಿಂದುಮುಂದು ಮಾಡಿ ಒತ್ತಿದೆ. ಡಿಗ್ರಿಯ ಸಂಖ್ಯೆ ಒತ್ತಿದೆ. ಮದುವೆಯ ದಿನಾಂಕ ಒತ್ತಿದೆ. ಅದನ್ನು ಒತ್ತುವಾಗ ಹೆಂಡತಿ ನೋಡುತ್ತಿದ್ದಳು, ಅದಲ್ಲವೆಂದು ತಿಳಿದು ಅವಳಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಊರಿನ ಆಸ್ತಿಯಾಯಿತು. ಅಮ್ಮ ಗಾಂಧಿ ಬಜಾರಿಗೆ ಹೋಗಿ ಒಂದು ಕಟ್ಟು ಒಂದೆಲಗ ತಂದು ತಂಬುಳಿ ಮಾಡಿದರು. ನೆನಪಿನ ಶಕ್ತಿಗೆ ಅದಕ್ಕಿಂತ ಇಲ್ಲವಂತೆ. ರಾತ್ರಿ ಅದರದೇ ಚಟ್ನಿ. ಮರುದಿನ ಬೆಳಿಗ್ಗೆ ಬರೀ ಹೊಟ್ಟೆಗೆ ಹಸಿ ಎಲೆ, ಅಗಿದು ನುಂಗಬೇಕು. ಕೆರೆದಂಡೆಯ ಕೆಸರಿನ ರುಚಿ. "ನುಂಗೋ, ಮಗು ಥರ ಮುಖ ಮಾಡ್ಬೇಡ," ಎಂದು ಅಮ್ಮ ನಿಂತೇ ಇದ್ದರು. ಎನ್.ಆರ್. ಕಾಲೋನಿಯ ಚಿಕ್ಕಮ್ಮ ಫೋನಿನಲ್ಲಿ ಹೆಂಡತಿಗೆ, ಬೆಳಿಗ್ಗೆ ಹಲ್ಲುಜ್ಜದೆ ಯಾರೊಂದಿಗೂ ಮಾತಾಡದೆ ಹೋಗಿ ಕೂತರೆ ಬೆರಳಿಗೆ ತಾನಾಗಿ ಬರುತ್ತದೆ ಎಂದರಂತೆ. ಅದನ್ನು ನನಗೆ ದಾಟಿಸುವಾಗ ಹೆಂಡತಿ ನಗಲಿಲ್ಲ. ನಗದಿದ್ದುದೇ ನನಗೆ ಹೆದರಿಕೆ ಹುಟ್ಟಿಸಿತು. ನಾನು ಹಲ್ಲುಜ್ಜದೆ ಹೋಗಿ ಕೂತೆನೇ? ಕೂತೆ. ಅದನ್ನೂ ಬರೆದುಬಿಡುತ್ತೇನೆ.

ಅದೇ ದಿನ ಸಂಜೆ ನನಗೆ ನೆನಪಾಯಿತು.

ಹಬ್ಬಕ್ಕೆ ಸ್ವಲ್ಪ ಮುಂಚೆ ನಾನು ಪಿನ್ ಬದಲಾಯಿಸಿದ್ದೆ. ಹೊರಗೆ ಬೆಳಕು ಇನ್ನೂ ಇತ್ತು, ಒಳಗೆ ದೀಪ ಹಾಕಿರಲಿಲ್ಲ. ಹೆಂಡತಿಯ ತಮ್ಮ ಬಂದಿದ್ದ. ನಾನು ಸಂಖ್ಯೆ ಒತ್ತುವಾಗ ಹಿಂದಿನಿಂದ ಬಗ್ಗಿ ನೋಡಿದ. ಅವನ ಉಸಿರಿನಲ್ಲಿ ಏಲಕ್ಕಿ ವಾಸನೆ. ಅವನು ಹೋದ ಮೇಲೆ, ಕುರ್ಚಿಯ ಒಂದು ಕಾಲು ಗಡಗಡ ಎನ್ನುತ್ತಿದ್ದದ್ದಕ್ಕೆ ಕಾಗದ ಮಡಿಸಿ ಇಟ್ಟು, ಕೂತು, ಹೊಸ ಸಂಖ್ಯೆ ಹಾಕಿದ್ದೆ. ಅದು ನಮ್ಮಪ್ಪನ ಹಳೆಯ ಸ್ಕೂಟರಿನ ನಂಬರು ಅಥವಾ ಅದಕ್ಕೆ ಹತ್ತಿರದ್ದು. ಅಷ್ಟೂ ಕಣ್ಣ ಮುಂದೆ ಬಂತು. ಎಷ್ಟು ಸ್ಪಷ್ಟವಾಗಿ ಎಂದರೆ, ಸಂಖ್ಯೆ ಹಾಕಿದ ಮೇಲೆ ಬೆರಳಿಗೆ ಅಂಟಿದ್ದ ಕೋಡುಬಳೆಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡದ್ದೂ ಬಂತು.

ಹೋಗಿ ಅಪ್ಪನ ಸ್ಕೂಟರಿನ ನಂಬರು ಒತ್ತಿದೆ. ತಪ್ಪು ಎಂದಿತು. ಆದರೂ ನನಗೆ ಸಮಾಧಾನವಾಗಿತ್ತು; ಬದಲಾಯಿಸಿದ್ದಂತೂ ಖಾತ್ರಿ, ಇನ್ನು ಆ ನಂಬರನ್ನು ಹೇಗೆ ತಿರುಚಿದ್ದೆ ಎಂಬುದಷ್ಟೇ ಬಾಕಿ. ಮನೆಯವರಿಗೆಲ್ಲ ಹೇಳಿದೆ. ಹೆಂಡತಿ ನಂಬಿದಳು. ಅವಳು ಆ ದಿನಗಳಲ್ಲಿ ನನ್ನನ್ನು ಎಷ್ಟು ನಂಬಿದಳೆಂದು ನೆನೆದರೆ ಈಗಲೂ ಕಸಿವಿಸಿ. ಅಪ್ಪನ ಸ್ಕೂಟರಿನ ಹಳೇ ಫೋಟೊ ಹುಡುಕಿ ತಂದಳು, ಭೂತಗನ್ನಡಿ ತಂದಳು. ಮೂಲ ಕಾರಣ ತಾನೆಂದು ತಿಳಿದರೆ ತಮ್ಮನಿಗೆ ಏನಾದರೂ ನೆನಪಾದೀತೆಂದು ಅವನಿಗೂ ಫೋನ್ ಮಾಡಿದಳು; ನನ್ನ ಕೈಗೇ ಕೊಟ್ಟಳು.

"ಭಾವ, ನಾನು ನಿಮ್ಮನೆಗೆ ಬಂದು ಎರಡು ತಿಂಗಳಾಯ್ತು," ಎಂದ ಅವನು. "ಹಬ್ಬದ ಮುಂಚೆ ಪೂರ್ತಿ ಹುಬ್ಬಳ್ಳೀಲಿದ್ದೆ. ನಿಮ್ಮ ಪಿನ್ ನಂಬರ್ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಬಗ್ಗಿ ನೋಡಿದ್ದಕ್ಕೆ ನಾಚಿಕೆ, ಅದಕ್ಕೇ ಹೀಗೆ ಎಂದು ಹೆಂಡತಿಗೂ ಹೇಳಿದೆ. ಅವಳು ಫೋನನ್ನು ಸ್ವಸ್ಥಾನದಲ್ಲಿಟ್ಟು, ತಮ್ಮನ ಪರವಾಗಿ ಒಂದು ಮಾತೂ ಆಡದೆ ಒಳಗೆ ಹೋದಳು. ತರಗತಿಯಲ್ಲಿ ವರ್ಷಗಟ್ಟಲೆ ನಾನು ಪಾಠ ಮಾಡಿದ್ದೇ ಇದನ್ನು: ನೆನಪು ಫೋಟೊ ಅಲ್ಲ, ಪ್ರತಿ ಸಲ ಹೊಸದಾಗಿ ಬೇಯಿಸಿದ ಅಡುಗೆ, ಸಾಕ್ಷಿ ಎಷ್ಟು ಖಚಿತವಾಗಿ ಮಾತಾಡುತ್ತಾನೋ ಅಷ್ಟು ಅನುಮಾನಿಸಿ. ಪಾಠ ಮಾಡುವಾಗ ಅದು ಬೇರೆಯವರ ತಲೆಯ ವಿಷಯವಾಗಿತ್ತು.

ಶನಿವಾರ ರಿಪೇರಿಯವನು ಬಂದ. ಹತ್ತಿರದ ರಸ್ತೆಯಲ್ಲಿ ಮಹಡಿಯ ಮೇಲೆ ಅಂಗಡಿ ಇಟ್ಟಿದ್ದವನು. ಬಾಯಿ ತುಂಬ ಪಾನ್ ಮಸಾಲೆ, ತೋರುಬೆರಳ ತುದಿ ಕೆಂಪು. ನಂಬರ್ ಹೇಳಿ ಸಾರ್, ನಾನೇ ಹೊಡೆದು ನೋಡ್ತೀನಿ ಎಂದು ಕೈ ಚಾಚಿದ. ಆ ಬೆರಳು ಕೀಬೋರ್ಡಿನ ಮೇಲೆ ಬರುವುದು ಕಂಡೆ. ಬೇಡ, ನಾನೇ ಒತ್ತುತ್ತೇನೆ ಎಂದು ಅಡ್ಡ ಕೂತೆ. ಅವನ ಮುಂದೆಯೂ ನಾಲ್ಕಾರು ಬಾರಿ ತಪ್ಪು ಎನಿಸಿಕೊಂಡೆ. ಅವನು ಕಿಟಕಿಯಿಂದ ಹೊರಕ್ಕೆ ಉಗಿದು ಬಂದು, ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಮಿಷನ್ನಿಗೆ ಹಾಕಿದರೆ ಫೈಲ್ ತೆಗೆಯಬಹುದು, ಆದರೆ ಆ ಕೆಲಸ ಮಾಡುವವನು ಹಬ್ಬಕ್ಕೆ ಊರಿಗೆ ಹೋಗಿದ್ದಾನೆ, ಬರುವುದು ಬುಧವಾರ ಎಂದ.

"ಸೋಮವಾರ ಬೇಕು," ಎಂದಳು ಹೆಂಡತಿ.

"ಅರ್ಜೆಂಟ್ ಅಂದ್ರೆ ಇವಾಗ್ಲೇ ಫಾರ್ಮ್ಯಾಟ್ ಮಾಡ್ಕೊಡ್ತೀನಿ ಮೇಡಂ. ಹೊಸದರ ಥರ ಆಗೋಗುತ್ತೆ, ಒಳಗೆ ಏನೂ ಇರಲ್ಲ."

ಹೆಂಡತಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ನಮ್ಮಿಬ್ಬರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದು, ನನ್ನನ್ನು ಕುರ್ಚಿಯಿಂದ ಏಳಿಸಿದಳು. ಗುಟ್ಟು ಗಿಟ್ಟು ಎಲ್ಲ ಸಾಕು, ನೀವು ಈ ತನಕ ಒತ್ತಿದ ನಂಬರೆಲ್ಲ ಮೊದಲಿನಿಂದ ಬಾಯಿಬಿಟ್ಟು ಹೇಳಿ, ನಾನು ಒತ್ತುತ್ತೇನೆ ಎಂದಳು. ಹೊಸ ಸಂಖ್ಯೆಯಿಂದ ಶುರು ಮಾಡೋಣ, ಹಳೆಯದು ಹೇಗೂ ಬದಲಾಗಿದೆಯಲ್ಲ ಎಂದೆ.

"ಮೊದಲಿನಿಂದ ಅಂದೆ," ಎಂದಳು.

ಪಿಯುಸಿ ಹಾಲ್ ಟಿಕೆಟ್ಟಿನ ಸಂಖ್ಯೆ ಹೇಳಿದೆ. ವರ್ಷಗಳ ಕಾಲ ಬಚ್ಚಿಟ್ಟಿದ್ದು, ಹೇಳುವಾಗ ನಾಲಿಗೆಗೆ ಹಳಸಿದಂತಿತ್ತು. ಅವಳು ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಅಂಕಿಗಳನ್ನು ಒತ್ತಿದಳು. ಟೈಪ್ ಮಾಡುವವರು ಹಾಗೆ. ಬಲಗಡೆಯ ಚೌಕಕ್ಕೆ ಅವಳ ಕೈ ಹೋಗುತ್ತಲೇ ಇರಲಿಲ್ಲ. ಕಂಪ್ಯೂಟರು ಕ್ಷಣ ಸುಮ್ಮನಿದ್ದು, ರಾಗವೊಂದನ್ನು ನುಡಿಸಿ, ತೆರೆದುಕೊಂಡಿತು. ಬೀಗರ ಹಾಡಿನ ಫೈಲುಗಳು ಎಡಗಡೆ ಸಾಲಾಗಿ ಇದ್ದವು.

ಅವಳು ಒಂದೊಂದೇ ಫೈಲು ತೆರೆದು ನೋಡಿ ಮುಚ್ಚಿದಳು. ನಾನು ಹಿಂದೆ ನಿಂತೇ ಇದ್ದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಒಂದು ನಿಮಿಷ ಎಂದು ಯಂತ್ರವನ್ನು ಮತ್ತೆ ಬೀಗದ ತೆರೆಗೆ ತಂದೆ. ಅವಳು ಬೇಡ ಬೇಡ ಎನ್ನುತ್ತಿದ್ದಂತೆ ಅದೇ ಸಂಖ್ಯೆಯನ್ನು ಬಲಗಡೆಯ ಚೌಕದಲ್ಲಿ ಒತ್ತಿದೆ. ತಪ್ಪು. ಮೇಲಿನ ಸಾಲಿನಲ್ಲಿ ಅವಳು ಒತ್ತಿದಳು. ತೆರೆಯಿತು. ಆಗ ನಾನು ಆ ಚೌಕವನ್ನು, ಅಂಕಿ ಹುಡುಕಿ ಒತ್ತಲಿಕ್ಕಲ್ಲದೆ, ಮೊದಲ ಬಾರಿಗೆ ಇಡಿಯಾಗಿ ನೋಡಿದೆ. ಕೆಲವು ಅಂಕಿಗಳ ಕೆಳಗೆ ಚಿಕ್ಕ ಬಾಣಗಳಿರುತ್ತವೆ. ಮೇಲಕ್ಕೆ ತೋರುವ ಬಾಣ ಕೆಳಗಿನ ಸಾಲಿನಲ್ಲಿತ್ತು, ಕೆಳಕ್ಕೆ ತೋರುವ ಬಾಣ ಮೇಲಿನ ಸಾಲಿನಲ್ಲಿ. ಕಂಪ್ಯೂಟರಿನ ಚೌಕದಲ್ಲಿ ಏಳು, ಎಂಟು, ಒಂಬತ್ತು ಮೇಲಿರಬೇಕು. ಒಂದು, ಎರಡು, ಮೂರು ಕೆಳಗೆ. ನಮ್ಮ ಮನೆಯದರಲ್ಲಿ ಒಂದು, ಎರಡು, ಮೂರು ಮೇಲಿದ್ದವು, ಟೆಲಿಫೋನಿನಲ್ಲಿ ಇರುವ ಹಾಗೆ. ನಾನು ಏಳು ಎಂದು ಒತ್ತಿದರೆ ಒಳಗೆ ಒಂದು ಬೀಳುತ್ತಿತ್ತು.

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದು ಬಂದರು. ಏನಾಯಿತೆಂದು ಹೆಂಡತಿ ಹೇಳಿದಳು.

"ಅದು ನಾನೇ ತೊಳೆದು ಜೋಡ್ಸಿದ್ದು," ಎಂದರು ಅಮ್ಮ, ಹೆಮ್ಮೆಯಿಂದಲೇ. "ಪೂಜೆಗೆ ಇಡೋ ಸಾಮಾನು ಎಂಜಲಲ್ಲಿ ಇಡಕ್ಕಾಗುತ್ತಾ? ಇವನು ಕೋಡುಬಳೆ ತಿಂದ ಕೈಯಲ್ಲೇ ಕುಟ್ತಾನೆ. ಆ ಮೂಲೆ ನೋಡಕ್ಕಾಗ್ತಿರ್ಲಿಲ್ಲ ಕಣೇ, ಜಿಡ್ಡೋ ಜಿಡ್ಡು."

ಅವರು ಹೇಳಿದ್ದಿಷ್ಟು. ಆಯುಧಪೂಜೆಯ ಹಿಂದಿನ ದಿನ ಈಳಿಗೆಮಣೆ, ಚಾಕು, ಕತ್ತರಿ, ಹೊಲಿಗೆ ಮಿಷನ್ನಿನ ಬಿಡಿಭಾಗ ಎಲ್ಲ ತೊಳೆದ ಮೇಲೆ, ಕೀಬೋರ್ಡಿನ ಬಲಮೂಲೆಯ ಗುಂಡಿಗಳನ್ನು ತಲೆಪಿನ್ನಿನಿಂದ ಮೀಟಿ ತೆಗೆದರು. ಅಂಟುವಾಳದ ನೀರಿನಲ್ಲಿ ನೆನೆಸಿ, ಉಜ್ಜಿ, ಶುದ್ಧ ಬಟ್ಟೆಯ ಮೇಲೆ ಹರಡಿ ಒಣಗಿಸಿದರು. ಆಮೇಲೆ ಒತ್ತಿ ಕೂರಿಸಿದರು. ಅಂಕಿ ಹೇಗೆ ಜೋಡಿಸಬೇಕೆಂಬ ಅನುಮಾನವೇ ಅವರಿಗೆ ಬರಲಿಲ್ಲ. ದಿನಾ ಫೋನು ಒತ್ತುವ ಕೈ. ಒಂದು ಮೇಲೆ, ಒಂಬತ್ತು ಕೆಳಗೆ ಇರದೆ ಇನ್ನು ಹೇಗಿರುತ್ತದೆ? ನಾನು ಅಷ್ಟು ದಿನ ಪರದಾಡುತ್ತಿದ್ದಾಗ ಯಾಕೆ ಹೇಳಲಿಲ್ಲ ಎಂದರೆ, ನೀನು ನಂಬರು ಮರೆತೆ ಅಂದೆ, ಗುಂಡಿ ತೊಳೆದಿರಾ ಅಂತ ಎಲ್ಲಿ ಕೇಳಿದೆ ಎಂದರು. ನನಗೆ ಅಸಹ್ಯವಾದದ್ದು ಅಂಟುವಾಳದ ವಿಷಯಕ್ಕಲ್ಲ. ಆ ಗುಂಡಿಗಳು ಮೊದಲಿಗಿಂತ ಚೊಕ್ಕಟವಾಗಿದ್ದವು, ಅದನ್ನು ಮೊದಲ ದಿನವೇ ನೋಡಿದ್ದೆ. ಒತ್ತಿದಾಗ ಅವು ಹಿಂದಿನಂತಿಲ್ಲ, ಗುಂಡಿಗಳ ಮೇಲ್ಮೈ ಬೇರೆ ಥರ ಓರೆಯಾಗಿದೆ ಎಂದೂ ಬೆರಳಿಗೆ ತಿಳಿದಿತ್ತು. ಕಣ್ಣನ್ನು ಅನುಮಾನಿಸಲಿಲ್ಲ, ಬೆರಳನ್ನು ಕೇಳಲಿಲ್ಲ.

ಹೆಂಡತಿ ಆ ಹೊತ್ತಿಗೆ ಕೊನೆಯ ಅಧ್ಯಾಯ ತೆರೆದುಕೊಂಡಿದ್ದಳು. ಟೈಪ್ ಮಾಡುತ್ತಲೇ, ನನ್ನತ್ತ ತಿರುಗದೆ, "ಹಾಗಾದ್ರೆ ನೀವು ಬದಲಾಯಿಸಿದ್ದು?" ಎಂದಳು.

ಬದಲಾಯಿಸಿರಲಿಲ್ಲ. ಹಳೆಯ ಸಂಖ್ಯೆಯೇ ತೆರೆದಿತ್ತು. ಆ ಸಂಜೆ ನಡೆದೇ ಇರಲಿಲ್ಲ. ಅವಳ ತಮ್ಮ ಹುಬ್ಬಳ್ಳಿಯಲ್ಲಿದ್ದ. ಬಾಗಿ ಕುರ್ಚಿಯ ಕಾಲಡಿ ನೋಡಿದೆ. ಮಡಿಸಿದ ಕಾಗದವಿರಲಿಲ್ಲ. ಕುರ್ಚಿ ಅಲುಗಾಡುತ್ತಲೂ ಇರಲಿಲ್ಲ. ನಾನು ನಾಲ್ಕು ಕಡೆಯಿಂದಲೂ ಅಲುಗಾಡಿಸಿ ನೋಡುತ್ತಿದ್ದರೆ, ಕೂತು ಕೆಲಸ ಮಾಡುತ್ತಿದ್ದವಳು ಕೈ ಎತ್ತಿಕೊಂಡು ಕಾದಳು.

ಮರೆವಿನ ಬಗ್ಗೆ ನನಗೆ ದೂರಿಲ್ಲ. ಮರೆತವನು ಮರೆತೆ ಎಂದು ಹೇಳಿ ಸುಮ್ಮನಾಗಬಹುದು. ಇದು ಬೇರೆ ಜಾತಿಯದ್ದು. ಬೇಕಾದ ಸಮಯಕ್ಕೆ, ಬೇಕಾದ ಅಳತೆಗೆ, ಯಾರನ್ನೋ ಹಿಡಿದು ತಂದು ನಿಲ್ಲಿಸಿ, ಅವನ ಬಾಯಿಗೆ ಏಲಕ್ಕಿಯನ್ನೂ ತುರುಕಿ, ನನ್ನ ಮುಂದಿಟ್ಟು, ತಗೋ ಸಾಕ್ಷಿ ಎಂದ ಆ ಒಳಗಿನ ಗುಮಾಸ್ತನ ಬಗ್ಗೆ ನನಗೆ ಹೇಸಿಗೆ. ಅವನು ಇನ್ನೂ ಕೆಲಸದಲ್ಲಿದ್ದಾನೆ. ಇದನ್ನು ಬರೆಯುವಾಗ ಪರೀಕ್ಷಿಸಿದೆ: ಹೆಂಡತಿ ಬೀಗ ತೆರೆದ ಭಾನುವಾರ ಅವಳ ಸೀರೆ ಯಾವ ಬಣ್ಣದ್ದು ಎಂದು ಎಷ್ಟು ಯೋಚಿಸಿದರೂ ಬರುವುದಿಲ್ಲ. ನಡೆಯದ ಆ ಸಂಜೆ ಮಾತ್ರ ಹಾಗೇ ಇದೆ, ದೀಪ ಹಾಕದ ನಡುಮನೆ, ಭುಜದ ಹಿಂದೆ ಉಸಿರು, ಪಂಚೆಗೆ ಒರೆಸಿದ ಎಣ್ಣೆ, ಒಂದೂ ಮಾಸಿಲ್ಲ.

ಅವಳು ಆ ಭಾನುವಾರವೆಲ್ಲ ಕೂತು ತಿದ್ದಿದಳು. ಸೋಮವಾರ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಬೈಂಡು ಮಾಡಿಸಿ, ಅಂಟು ಆರುವ ಮುಂಚೆಯೇ ಆಟೋ ಹಿಡಿದು, ವಿಶ್ವವಿದ್ಯಾಲಯದ ಕಚೇರಿ ಮುಚ್ಚುವ ಹೊತ್ತಿಗೆ ಕೊಟ್ಟುಬಂದಳು. ಬಂದವಳು ಕಾಲು ತೊಳೆದು, ತಮ್ಮನಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಜೋರಾಗಿ ನಕ್ಕದ್ದು ಕೇಳಿಸಿತು. ಅವನ ಹತ್ತಿರ ನಾನೂ ಮಾತಾಡಬೇಕಿತ್ತು. ಫೋನಿನ ಹತ್ತಿರ ಹೋಗಿ ನಿಂತೆ. ಅವಳು ಕೊಡಲಿಲ್ಲ, ನಾಳೆ ನೀವೇ ಮಾಡಿ ಎಂದಳು.

ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಮೇಲಿನ ಸಾಲಿನ ಅಂಕಿಗಳಲ್ಲಿ ಏನೋ ಒತ್ತಿ, ಇನ್ನೊಮ್ಮೆ ಅದನ್ನೇ ಒತ್ತಿ, ಸುಳಿವಿನ ಜಾಗವನ್ನು ಖಾಲಿ ಬಿಟ್ಟಳು. ಈ ಸಲ ಪಿನ್ ನಿಜವಾಗಿಯೂ ಬದಲಾಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊಸದು ಏನು ಎಂದು ಕೇಳಿದೆ.

"ಬೇಡ ರೀ," ಎಂದಳು. "ನಿಮಗೆ ಹೇಳಿದ್ರೆ ನೀವು ಇನ್ನೊಂದು ನೆನಪು ಮಾಡ್ಕೋತೀರ."